ಬಾವಿಯ ಆನೆಗೆ ಬಂದ ಫೋನು

ಹಲೋ ಅತ್ತೆ ಹುಟ್ಟುವಾಗಲೇ ಅತ್ತೆಯಾಗಿರಲಿಲ್ಲ, ಹಲೋ ಎಂದೂ ಅಂದಿರಲಿಲ್ಲ. ಎರಡೂ ಆಮೇಲೆ ಅಂಟಿಕೊಂಡವು. ‘ಹಲೋ’ ಕೊಟ್ಟದ್ದು ಟೆಲಿಫೋನ್ ಎಕ್ಸ್‌ಚೇಂಜು, ‘ಅತ್ತೆ’ ಕೊಟ್ಟದ್ದು ಮಗಳ ಗಂಡ. ಬೀದಿಯವರು ಎರಡನ್ನೂ ಸೇರಿಸಿ ಹೊಲಿದುಬಿಟ್ಟರು. ಯಾರಾದರೂ ಬಾಗಿಲು ತಟ್ಟಿದರೆ ಒಳಗಿಂದ ‘ಹಲೋ’. ತರಕಾರಿಯವನು ಕೂಗಿದರೆ ‘ಹಲೋ’. ಗಂಡ ಬದುಕಿದ್ದಾಗ ಒಮ್ಮೆ ನಿದ್ದೆಯಲ್ಲಿ ಏನೋ ಕನವರಿಸಿದ್ದಕ್ಕೆ, ಈಕೆಯೂ ನಿದ್ದೆಗಣ್ಣಲ್ಲೇ ‘ಲೈನ್ ಬಿಜಿಯಿದೆ, ಸ್ವಲ್ಪ ಹೊತ್ತು ಬಿಟ್ಟು ಮಾಡಿ’ ಎಂದಿದ್ದಳಂತೆ. ಆ ಮನುಷ್ಯ ಬೆಳಗಿನ ತನಕ ಬಾಯಿ ಬಿಡಲಿಲ್ಲ.

ಎಕ್ಸ್‌ಚೇಂಜಿನ ಕೆಲಸ ಹೊರಗಿನಿಂದ ನೋಡಿದರೆ ಸುಲಭ. ಒಂದು ಉದ್ದನೆಯ ಕೋಣೆ, ಗೋಡೆಯ ಅಗಲಕ್ಕೂ ತೂತು ತೂತಿನ ಹಲಗೆ, ತುದಿಗೆ ಹಿತ್ತಾಳೆಯ ಪಿನ್ನು ಇರುವ ವೈರುಗಳು. ಊರಿನವನೊಬ್ಬ ‘ಹಲೋ’ ಎಂದರೆ ಅವನ ವೈರನ್ನು ದೂರದೂರಿನ ತೂತಿಗೆ ಚುಚ್ಚಬೇಕು, ಅತ್ತಲಿಂದ ‘ಹಲೋ’ ಬಂದೊಡನೆ ತಾನು ಲೈನಿನಿಂದ ಆಚೆ ಸರಿಯಬೇಕು. ಅಲ್ಲಿಗೆ ಮುಗಿಯಿತು. ಮುಂದಿನ ಮಾತು ಕೇಳಿದರೆ ಕೆಲಸಕ್ಕೇ ಸಂಚಕಾರ. ಬೆನ್ನ ಹಿಂದೆ ಮೇಲ್ವಿಚಾರಕಿ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಿದ್ದಳು. ಹೀಗಾಗಿ ಹಲೋ ಅತ್ತೆ ವಯಸ್ಸೆಲ್ಲ ಸವೆಸಿ ಕೇಳಿದ್ದು ಲಕ್ಷಾಂತರ ಜನರ ಮೊದಲನೇ ಮಾತು ಮಾತ್ರ. ‘ಹಲೋ, ಅಮ್ಮಾ, ನಾನು...’ ಕಟ್. ‘ಹಲೋ, ಅವಳೇನಂದ್ಳು...’ ಕಟ್. ಊಟಕ್ಕೆ ಕೂರಿಸಿ, ಎಲೆ ಹಾಕಿ, ನೀರು ಚಿಮುಕಿಸಿ, ಎಬ್ಬಿಸಿ ಕಳಿಸಿದ ಹಾಗೆ.

ಹಾಗೆಂದು ಆಕೆ ಸುಮ್ಮನಿದ್ದಳೇ? ಉಳಿದದ್ದನ್ನು ತಾನೇ ಬಡಿಸಿಕೊಂಡಳು. ದಿನಾ ಸಂಜೆ ಫೋನು ಮಾಡುವ ಒಬ್ಬ ಮೆಲುದನಿಯವನಿದ್ದ. ಅವನಿಗೆ ಈಕೆ ಒಂದು ತೆಳು ಮೀಸೆ, ಮುರಿದುಹೋದ ಒಂದು ಮದುವೆ, ಕಿಟಕಿ ಪಕ್ಕದ ಒಂದು ಕುರ್ಚಿ ಕೊಟ್ಟಿದ್ದಳು. ಒಮ್ಮೆ ಅವನು ಬಿಲ್ಲಿನ ತಕರಾರಿಗೆ ಖುದ್ದಾಗಿ ಬಂದ. ನೋಡಿದರೆ ಇಲಿಬೋನಿನ ಸಗಟು ವ್ಯಾಪಾರಿ, ಡೊಳ್ಳುಹೊಟ್ಟೆ, ಮೂವರು ಮಕ್ಕಳು. ಜೊತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಲೋ ಅತ್ತೆ ಮಾತ್ರ, “ಯಾಕೆ, ಇಲಿಬೋನು ಮಾರೋರಿಗೆ ವಿರಹ ಇರಬಾರದಾ?” ಎಂದು ತಿರುಗಿ ಕುಳಿತಳು.

ಆಮೇಲೆ ಯಂತ್ರ ಬಂತು, ಹಲಗೆ ಗುಜರಿಗೆ ಹೋಯಿತು, ಈಕೆ ಪಿಂಚಣಿಗೆ ಹೋದಳು. ಗಂಡ ತೀರಿಕೊಂಡ. ಒಂದು ದಿನ ಮಗಳ ಮುಂದೆ ಕುಳಿತು, “ನಾನು ಸಂಜೆ ಕಾಲೇಜು ಸೇರ್ತೀನಿ. ಸಾಹಿತ್ಯ ಓದ್ತೀನಿ,” ಎಂದಳು.

“ಈಗ ಯಾಕಮ್ಮಾ? ಕೆಲಸ ಕೊಡೋರು ಯಾರು?”

“ಕೆಲಸ ಯಾರಿಗೆ ಬೇಕೇ? ಕದ್ದು ಕೇಳಿದ್ರೂ ಯಾರೂ ಬಯ್ಯದ ಜಾಗ ಅದೊಂದೇ. ಒಬ್ಬರ ಮಾತಾದ್ರೂ ಕೊನೇತನಕ ಕೇಳ್ಬೇಕು ಅಂತ ಆಸೆ.”

ಮಗಳು ಹಣೆ ಚಚ್ಚಿಕೊಂಡಳು. ಕಾರಣವಿತ್ತು. ಊರಿಗಿದ್ದ ಸಂಜೆ ಕಾಲೇಜು ಒಂದೇ, ಅದರಲ್ಲಿ ಸಾಹಿತ್ಯ ಹೇಳುವ ಮೇಷ್ಟ್ರೂ ಒಬ್ಬರೇ, ಆ ಮೇಷ್ಟ್ರು ಅವಳ ಗಂಡ. ‘ಅಳಿಯ ಅಲ್ಲ, ಮಗಳ ಗಂಡ’ ಎಂದು ಗಾದೆ ಇದೆಯಲ್ಲ, ಅದಕ್ಕೆ ಇನ್ನೊಂದು ತುದಿ ಸೇರಿತು: ಅಳಿಯ ಅಲ್ಲ, ಮಗಳ ಗಂಡ ಅಲ್ಲ, ಸಾರ್. ಮನೆಯಲ್ಲಿ ಅತ್ತೆ ಬಂದರೆ ಅಳಿಯ ಏಳುತ್ತಿದ್ದರು, ಕ್ಲಾಸಿನಲ್ಲಿ ಅಳಿಯ ಬಂದರೆ ಅತ್ತೆ ಏಳುತ್ತಿದ್ದಳು. ಕಾಲೇಜಿನ ಗೇಟಿನಲ್ಲಿ ಎದುರಾದರೆ ಯಾರು ಯಾರಿಗೆ ದಾರಿ ಬಿಡಬೇಕೆಂದು ತಿಳಿಯದೆ ಇಬ್ಬರೂ ಅಲ್ಲೇ ನಿಂತುಬಿಡುತ್ತಿದ್ದರು, ಹಿಂದಿನಿಂದ ಸೈಕಲ್ಲುಗಳು ಗಂಟೆ ಬಾರಿಸುತ್ತಿದ್ದವು. ಹಾಜರಿ ಕರೆದಾಗ ಎಲ್ಲರೂ ‘ಎಸ್ ಸಾರ್’ ಎಂದರೆ ಈಕೆಯದು ‘ಹಲೋ’.

ಮೇಷ್ಟ್ರಿಗೂ ಒಂದು ಅಡ್ಡಹೆಸರಿತ್ತು: ಸಂಕೇತ ಮೇಷ್ಟ್ರು. ಲೋಕದಲ್ಲಿ ಯಾವುದೂ ಅದೇ ಆಗಿರಲು ಅವರು ಬಿಡುತ್ತಿರಲಿಲ್ಲ. ಕಥೆಯಲ್ಲಿ ಕಿಟಕಿ ಬಂದರೆ ಅದು ಬಿಡುಗಡೆಯ ಸಂಕೇತ, ಕಿಟಕಿ ಮುಚ್ಚಿದ್ದರೆ ದಬ್ಬಾಳಿಕೆಯ ಸಂಕೇತ, ಅರ್ಧ ತೆರೆದಿದ್ದರೆ ಮಧ್ಯಮ ವರ್ಗದ ಸಂಕೇತ. ಒಮ್ಮೆ ಮನೆಯಲ್ಲಿ ದೀಪ ಆರಿದಾಗ “ಕತ್ತಲೆ ಅಜ್ಞಾನದ ಸಂಕೇತ,” ಎಂದರಂತೆ. ಹೆಂಡತಿ, “ಫ್ಯೂಸ್ ಹೋಗಿರೋದರ ಸಂಕೇತ ರೀ. ಎದ್ದು ಹಾಕಿ,” ಎಂದಳು. ಈ ಸಂಕೇತಗಳನ್ನೆಲ್ಲ ಪೇರಿಸಿ ಅವರು ಒಂದು ಗೈಡು ಬರೆದಿದ್ದರು. ಪ್ರಶ್ನೆ ಮೇಲೆ, ಉತ್ತರ ಕೆಳಗೆ, ಎಷ್ಟು ಅಂಕಕ್ಕೆ ಎಷ್ಟು ಸಾಲು ಎಂಬುದು ಅಂಚಿನಲ್ಲಿ. ಪಠ್ಯಪುಸ್ತಕ ಕೊಳ್ಳದವರೂ ಗೈಡು ಕೊಳ್ಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು, ಆ ಮಾತು ಮೊದಲೇ ಹೇಳಿಬಿಡಬೇಕು. ಅವರಿಗೂ ಯಾರೋ ಹೀಗೇ ಕಲಿಸಿದ್ದರು, ಆ ಯಾರೋಗೆ ಇನ್ಯಾರೋ. ಹೊಟ್ಟೆ ಉರಿಯುವುದು ಅದಕ್ಕೇ. ನಮ್ಮಲ್ಲಿ ಸಾಹಿತ್ಯದ ಪಾಠವೆಂದರೆ ಮಾವಿನಹಣ್ಣನ್ನು ಮಕ್ಕಳ ಕೈಗೆ ಕೊಡದೆ, ಅದರ ಚಿತ್ರದ ಕೆಳಗೆ ‘ಸಿಹಿ’ ಎಂದು ಬರೆಸಿ, ಬರೆದವರಿಗೆ ಅಂಕ ಕೊಟ್ಟು, ನಾಲಿಗೆ ಚಾಚಿದವರನ್ನು ಬೆಂಚಿನ ಮೇಲೆ ನಿಲ್ಲಿಸುವುದು. ಹಣ್ಣು ಕೊಳೆತರೂ ಯಾರೂ ಕೇಳುವುದಿಲ್ಲ.

ಹಲೋ ಅತ್ತೆ ಮೊದಲ ಸಲ ನಪಾಸಾದಳು. ‘ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭ ಸಹಿತ ವಿವರಿಸಿ’ ಎಂಬ ಪ್ರಶ್ನೆಗೆ, ‘ಹೇಳಿದವನಿಗೆ ನೆಗಡಿಯಾಗಿತ್ತು, ಮಾತು ಓದಿದರೇ ಗೊತ್ತಾಗುತ್ತದೆ. ಕೇಳಿದವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಇದ್ದ ಹಾಗೆ ಮಾಡಿದಳು’ ಎಂದು ಎರಡು ಪುಟ ಬರೆದಿದ್ದಳು. ಹೆಸರುಗಳನ್ನು ಬರೆಯಲು ಮರೆತಿದ್ದಳು. ಎರಡನೇ ಸಲವೂ ಡುಮ್ಕಿ. ಸಾರಾಂಶ ಬರೆಯಿರಿ ಎಂದರೆ ಕಥೆಗಿಂತ ಉದ್ದ ಬರೆದಿದ್ದಳು.

ಕಾಲೇಜಿನ ನಿಯಮ ಖಡಾಖಂಡಿತ: ಬರವಣಿಗೆಯಲ್ಲಿ ಎರಡು ಸಲ ಸೋತವರಿಗೆ ಮೂರನೇ ಸಲ ಬಾಯಿಮಾತಿನ ಪರೀಕ್ಷೆ, ಹೊರಗಿನ ಪರೀಕ್ಷಕರ ಮುಂದೆ. ಅದರಲ್ಲೂ ಸೋತರೆ ಹೆಸರು ಹೊಡೆದುಹಾಕುವುದು. ಮತ್ತೆ ಸೇರುವಂತಿಲ್ಲ.

“ನೋಡಿ ಅತ್ತೆ,” ಎಂದರು ಮೇಷ್ಟ್ರು, ಊಟದ ಮೇಜಿನಲ್ಲಿ. “ಈ ಸಲ ಒಂದೇ ಕವಿತೆ. ನಾನು ಹೇಳಿಕೊಟ್ಟಷ್ಟೇ ಹೇಳಿ. ಹೆಚ್ಚಿಗೆ ಒಂದು ಅಕ್ಷರ ಬೇಡ.”

“ಆಗಲಿ ಅಳಿಯಂದ್ರೇ,” ಎಂದಳು ಹಲೋ ಅತ್ತೆ. ನಿಜವಾಗಿಯೂ ಹಾಗೇ ಮಾಡಬೇಕೆಂದಿದ್ದಳು. ಹೆಸರು ಹೊಡೆದರೆ ಮತ್ತೆ ಮೊದಲನೇ ಮಾತಿಗೇ ಲೈನು ಕಟ್ ಆದಂತೆ.

ಆದರೆ ಕವಿತೆ ಕೈಕೊಟ್ಟಿತು. ಪುಸ್ತಕದಲ್ಲಿದ್ದದ್ದು ಇಷ್ಟೇ:

ನನ್ನ ಬಾವಿಯಲ್ಲೊಂದು ಆನೆ
ಹಗಲೆಲ್ಲ ಮಲಗಿ ಸಂಜೆಗೆ ಏಳುವುದು
ನೀರು ಸೇದಲು ಬಗ್ಗಿದರೆ
ಹಗ್ಗ ಹಿಡಿದು ಜಗ್ಗುವುದು
ಯಾರಿಗೂ ಹೇಳಬೇಡ, ನೆರೆಯವಳೇ,
ನಿನ್ನ ಬಾವಿಯಲ್ಲೂ ಇರಬಹುದು

“ಬರೆದುಕೊಳ್ಳಿ,” ಎಂದರು ಸಂಕೇತ ಮೇಷ್ಟ್ರು. “ಆನೆ ಅಧಿಕಾರಶಾಹಿಯ ಸಂಕೇತ. ಬಾವಿ ಜನಸಾಮಾನ್ಯರ ಬದುಕಿನ ಸಂಕೇತ. ಹಗ್ಗ ಕಾನೂನಿನ ಸಂಕೇತ. ನೆರೆಯವಳು ನೆರೆರಾಷ್ಟ್ರದ ಸಂಕೇತ.”

ಕೈ ಮೇಲೆದ್ದಿತು.

“ಹಲೋ... ಸಾರ್, ಆನೆ ಬಾವಿಗೆ ಬಿದ್ದದ್ದು ಹೇಗೆ? ಕಟ್ಟೆ ಇರ್ಲಿಲ್ವಾ?”

“ಬಿದ್ದಿದೆ ಅಂತ ಎಲ್ಲಿದೆ?”

“ಹಾಗಾದ್ರೆ ಅಲ್ಲೇ ಹುಟ್ಟಿದ್ದಾ? ಅದರ ಅಮ್ಮ ಎಲ್ಲಿ ಸಾರ್?”

ಕ್ಲಾಸು ಗೊಳ್ಳೆಂದಿತು. ಪಕ್ಕದಲ್ಲಿ ಕೂರುವ ಬ್ಯೂಟಿಪಾರ್ಲರ್ ಹುಡುಗಿ, ಅವಳೂ ಎರಡು ಸಲ ಡುಮ್ಕಿ ಹೊಡೆದವಳು, ಮೆಲ್ಲಗೆ, “ಅತ್ತೆ, ಅದು ಹೆಣ್ಣಾನೆ ಅನ್ಸುತ್ತೆ. ಸಂಜೆಗೆ ಏಳುತ್ತಲ್ಲ, ಪಾರ್ಲರಿಗೆ ಬರೋರೆಲ್ಲ ಆ ಹೊತ್ತಿಗೇ ಏಳೋದು,” ಎಂದಳು.

“ಸದ್ದು!” ಎಂದರು ಮೇಷ್ಟ್ರು. “ಅಮ್ಮ ಪಠ್ಯದಲ್ಲಿಲ್ಲ!”

ಅಂದಿನಿಂದ ಆನೆ ಹಲೋ ಅತ್ತೆಯ ಜೊತೆ ಮನೆಗೆ ಬಂತು. ಬಟ್ಟೆ ಒಣಹಾಕುವಾಗ ಅದರ ಕಿವಿ ಎಷ್ಟಗಲ ಎಂದು ಬೆಡ್‌ಶೀಟು ಹಿಡಿದು ಅಳೆದಳು. ಬಾವಿಯೊಳಗೆ ಮಲಗುವುದೆಂದರೆ ಸೊಂಡಿಲನ್ನು ಎಲ್ಲಿಡುತ್ತದೆ ಎಂಬ ಚಿಂತೆಯಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಸಿದಳು. ಮಗಳು ಬಂದು ನೋಡಿದಾಗ ಆಕೆ ಬಕೆಟ್ಟಿನಲ್ಲಿ ಬದನೆಕಾಯಿಯೊಂದನ್ನು ಇಟ್ಟು ಮೇಲಿನಿಂದ ಬಗ್ಗಿ ನೋಡುತ್ತಿದ್ದಳು.

“ಏನಮ್ಮಾ ಇದು?”

“ಮೇಲಿಂದ ನೋಡಿದ್ರೆ ಆನೇದು ಬರೀ ಬೆನ್ನೇ ಕಾಣೋದು ಕಣೇ. ಮುಖ ಕಾಣ್ಬೇಕಾದ್ರೆ ಅದೇ ತಲೆ ಎತ್ತಬೇಕು. ಯಾರಾದ್ರೂ ಕರೆದ್ರೆ ತಾನೇ ತಲೆ ಎತ್ತೋದು?”

“ಆ ಬದನೆಕಾಯಿ ಕೊಡು, ಹುಳಿಗೆ ಹಾಕ್ಬೇಕು.”

ಎಲ್ಲ ಹೊಳೆಯಿತು, ಒಂದು ಮಾತ್ರ ಹೊಳೆಯಲಿಲ್ಲ: ಅದು ಏನು ತಿನ್ನುತ್ತದೆ? ಕವಿತೆಯಲ್ಲಿ ಹುಲ್ಲಿಲ್ಲ, ಸೊಪ್ಪಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವವರಿಗೆ ಫೋನು ಮಾಡಿ ಕೇಳಬೇಕು ಎಂಬುದು ಹಲೋ ಅತ್ತೆ ಕಲಿತ ವಿದ್ಯೆ. ಕವಿ ಬದುಕಿದ್ದಾರೆಂದು ಪುಸ್ತಕದ ಹಿಂದೆ ಇತ್ತು. ಎಕ್ಸ್‌ಚೇಂಜಿನ ಹಳೆಯ ಗೆಳತಿಯರಲ್ಲಿ ಇಬ್ಬರನ್ನು ವಿಚಾರಿಸುವಷ್ಟರಲ್ಲಿ ನಂಬರು ಸಿಕ್ಕಿತು.

“ಹಲೋ, ನಿಮ್ಮ ಬಾವೀಲಿರೋ ಆನೆ ವಿಷಯಕ್ಕೆ ಫೋನ್ ಮಾಡ್ದೆ.”

ಅತ್ತಲಿಂದ ಮುದಿ ದನಿ: “ರಾಂಗ್ ನಂಬರ್.”

“ಕವಿಗಳಲ್ವಾ?”

“ಕವಿ ಹೌದು. ಆನೆ ಇಲ್ಲ. ಬಾವೀನೂ ಇಲ್ಲ, ನಾನಿರೋದು ಮೂರನೇ ಮಹಡೀಲಿ.”

ಹಲೋ ಅತ್ತೆ ಇದು ಕಾಲೇಜಿನಲ್ಲಿ ತನಗಿರುವ ಪಾಠವೆಂದು ಹೇಳಿ ಕವಿತೆಯನ್ನು ಓದಿದಳು. ಕೊನೆಯ ಸಾಲು ಮುಗಿದ ಮೇಲೆ ಅತ್ತ ಕಡೆ ಎಷ್ಟು ಹೊತ್ತು ಸದ್ದಿರಲಿಲ್ಲವೆಂದರೆ, ಹಳೆಯ ಅಭ್ಯಾಸದಂತೆ ‘ಲೈನಲ್ಲಿದೀರಾ?’ ಎಂದು ಕೇಳಬೇಕಾಯಿತು.

“ಆಸೆ!” ಎಂದು ಕಿರುಚಿದರು ಕವಿ. “ನಾನು ಬರೆದದ್ದು ಆಸೆ ಕಣಮ್ಮಾ! ಬಾವಿಯಲ್ಲೊಂದು ಆಸೆ! ಆ, ಸೆ! ಅಚ್ಚಿನವನು ಸೆ ತೆಗೆದು ನೆ ಕೂರಿಸಿದಾನೆ! ಇಷ್ಟು ವರ್ಷ ಪಾಠ ಮಾಡ್ತಿದೀರಾ ಇದನ್ನ?”

“ಮೇಷ್ಟ್ರು ಅಧಿಕಾರಶಾಹಿ ಅಂತ...”

“ಯಾರವನು?”

“ನಮ್ಮ ಅಳಿಯ.”

ಕವಿ ಸುಮಾರು ಹೊತ್ತು ಬೈದರು, ಅಚ್ಚಿನವರನ್ನು, ಮೇಷ್ಟ್ರುಗಳನ್ನು, ಕನ್ನಡ ಅಕ್ಷರಮಾಲೆಯನ್ನು. ಹಲೋ ಅತ್ತೆ ಒಂದಕ್ಷರ ಬಿಡದೆ ಕೇಳಿಸಿಕೊಂಡಳು. ಆಹಾ, ಒಬ್ಬರ ಮಾತು ಕೊನೆಯತನಕ! ಬೈಗುಳ ತೀರಿದ ಮೇಲೆ ಆಕೆ ಸಣ್ಣ ದನಿಯಲ್ಲಿ, “ಆಸೇನಾ ಸಾರ್...” ಎಂದಳು. “ಆಸೆ ಎಲ್ಲರ ಬಾವೀಲೂ ಇರುತ್ತಲ್ಲ. ನಾನು ಆನೆಗೆ ಮಲಗೋ ಜಾಗ ಬೇರೆ ಮಾಡಿಟ್ಟಿದ್ದೆ.”

ಆಮೇಲೆ ಕವಿ, “ಆಸೆ ಬರೆದು ನನ್ನ ಕೂದಲು ಉದುರಿಹೋಯ್ತು. ಇದುವರೆಗೆ ಒಬ್ಬರೂ ಫೋನ್ ಮಾಡಿಲ್ಲ. ಆನೆಗೆ ಫೋನ್ ಬಂತು ನೋಡಿ!” ಎಂದರು. ನಗುವೋ ಅಳುವೋ ಹೇಳುವಂತಿರಲಿಲ್ಲ. “ಅದು ಹಗ್ಗ ಯಾಕೆ ಜಗ್ಗುತ್ತೆ ಅಂತೀರಿ ನೀವು?”

ಹಲೋ ಅತ್ತೆ ತನಗೆ ಕಂಡದ್ದನ್ನು ಹೇಳಿದಳು. ಕವಿ ಎಲ್ಲವನ್ನೂ ಕೇಳಿ, “ಸದ್ಯಕ್ಕೆ ಅದು ಅಲ್ಲೇ ಇರಲಿ ಬಿಡಿ. ಆಹಾರದ ವಿಚಾರ ನಾನೂ ಯೋಚನೆ ಮಾಡ್ತೀನಿ,” ಎಂದು ಫೋನಿಟ್ಟರು.

ಮನೆಯಲ್ಲಿ ವಿಷಯ ಬಾಯಿಬಿಟ್ಟಾಗ ಸಂಕೇತ ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ನೀರು ಕುಡಿದರು, ಕಣ್ಣು ಮುಚ್ಚಿದರು, ತುಟಿ ಅಲುಗಾಡಿಸಿದರು. ನಿಧಾನವಾಗಿ ಮುಖಕ್ಕೆ ಕಳೆ ಮರಳಿತು.

“ತೊಂದರೆ ಇಲ್ಲ. ಆಸೆ ಅಂದ್ರೂ ಅಧಿಕಾರಶಾಹೀನೇ. ಅವರಿಗೆ ತಾನೇ ಆಸೆ ಜಾಸ್ತಿ? ಉತ್ತರ ಬದಲಾಯಿಸೋದೇ ಬೇಡ!”

ಹೆಂಡತಿ ಸಾರಿನ ಸೌಟು ಹಿಡಿದು ನಿಂತಳು. “ರೀ, ಅಕಸ್ಮಾತ್ ಆಮೆ ಅಂತ ಇದ್ದಿದ್ರೆ?”

“ಆಮೆ ಅಂದ್ರಂತೂ ಅಧಿಕಾರಶಾಹೀನೇ. ನಿಧಾನ ಅಲ್ವಾ?”

“ಮಾತೆತ್ತಿದ್ರೆ ಅಡಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ,” ಎಂದಳು ಹೆಂಡತಿ. “ನಮ್ಮನೇಲಿ ಮಾನ ಹೋಗ್ತಿರೋದೇ ಆನೆ ಕೈಯಿಂದ.” ಆಮೇಲೆ ಅಡುಗೆಮನೆಯಲ್ಲಿ ತಾಯಿಯ ಕೈ ಹಿಡಿದು, “ಅಮ್ಮಾ, ಅವರ ಗೈಡು ತಪ್ಪು ಅಂತ ಪರೀಕ್ಷೇಲಿ ಮಾತ್ರ ಹೇಳ್ಬೇಡ. ನಿನಗೂ ಇದೇ ಕೊನೇ ಸಲ. ಅಧಿಕಾರಶಾಹಿ ಅಂದು ಎದ್ದು ಬಂದ್ಬಿಡು. ಒಂದೇ ಮಾತು,” ಎಂದಳು.

ಒಂದೇ ಮಾತು ಸರಿ ಎಂದು ತಾಯಿ ಮಾತು ಕೊಟ್ಟಳು. ಪರೀಕ್ಷೆಯ ದಿನದವರೆಗೂ ಹಲೋ ಅತ್ತೆ ಕನ್ನಡಿಯ ಮುಂದೆ ನಿಂತು ‘ಅಧಿಕಾರಶಾಹಿ, ಅಧಿಕಾರಶಾಹಿ’ ಎಂದು ಗಿಣಿಪಾಠ ಮಾಡಿದಳು. ಹಲ್ಲಿನ ಸೆಟ್ಟು ಆ ಪದಕ್ಕೆ ಒಗ್ಗುತ್ತಿರಲಿಲ್ಲ, ‘ಶಾಹಿ’ ಬರುವಷ್ಟರಲ್ಲಿ ಕಳಚುತ್ತಿತ್ತು.

ಪರೀಕ್ಷೆ ನಡೆದದ್ದು ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ. ಹೊರಗಿನಿಂದ ಬಂದ ಪರೀಕ್ಷಕಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಕೆನ್ನೆಗೆ ಕೈ ಕೊಟ್ಟು ಕುಳಿತಿದ್ದರು. ಸಂಬಂಧಿಕರಾದ್ದರಿಂದ ಮೇಷ್ಟ್ರು ಅಂಕ ಕೊಡುವಂತಿರಲಿಲ್ಲ. ಮೂಲೆಯಲ್ಲಿ ಕೂರಬಹುದಿತ್ತು, ಕೂತಿದ್ದರು. ಬೆಳಗಿನಿಂದ ಒಳಗೆ ಹೋದವರೆಲ್ಲ ಒಂದೇ ಉತ್ತರ ಒಪ್ಪಿಸಿ ಬಂದಿದ್ದರು. ಪಾರ್ಲರ್ ಹುಡುಗಿ ಹೆದರಿಕೆಯಲ್ಲಿ ‘ಅಧಿಕಾರಶಾಹಿಯು ಆನೆಯ ಸಂಕೇತ’ ಎಂದು ತಿರುವಿ ಹೇಳಿದ್ದಳು. ಪರೀಕ್ಷಕಿ ಅದಕ್ಕೂ ಪಾಸು ಮಾಡಿದ್ದರು, ವ್ಯತ್ಯಾಸ ಕಾಣದೆ.

“ಆನೆ ಯಾವುದರ ಸಂಕೇತ?” ಎಂದರು ಪರೀಕ್ಷಕಿ, ತಲೆಯೆತ್ತದೆ.

ಹಲೋ ಅತ್ತೆ ಬಾಯಿ ತೆರೆದಳು. ‘ಅಧಿ’ ಎಂಬಲ್ಲಿಗೆ ಬಂತು. ಆಗ ಕಂಡಿತು, ಬಾವಿಯ ತಳದಿಂದ ಮೇಲೆ ನೋಡುತ್ತಿರುವ ಎರಡು ಪುಟ್ಟ ಕಣ್ಣು. ಅಷ್ಟು ದಿನ ಜೊತೆಗಿದ್ದುದನ್ನು ಎದುರೆದುರೇ ಬೇರೇನೋ ಎಂದು ಕರೆಯುವುದು ಹೇಗೆ?

“ಯಾವುದರದ್ದೂ ಅಲ್ಲ ಮೇಡಂ. ಅದು ಆನೇನೇ. ಅದಕ್ಕೇ ಕಷ್ಟ.”

ಮೂಲೆಯಲ್ಲಿ ಕುರ್ಚಿ ಕಿರ್ರೆಂದಿತು. ಪರೀಕ್ಷಕಿ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿದರು. “ಏನು ಕಷ್ಟ?”

“ಸಂಕೇತ ಆಗಿದ್ರೆ ಮಡಚಿ ಜೇಬಲ್ಲಿ ಇಟ್ಕೋಬಹುದಿತ್ತು. ಆನೆ ಇದ್ರೆ ನೀರು ಸೇದ್ಲೇಬೇಕು, ಬಗ್ಗಲೇಬೇಕು, ಅದು ಜಗ್ಗೇ ಜಗ್ಗುತ್ತೆ.”

“ಯಾಕೆ ಜಗ್ಗುತ್ತೆ? ಕೇಡಿಗಾ?”

“ಅಲ್ಲ ಮೇಡಂ. ಮೇಲಿಂದ ಕೆಳಗೆ ಬರೋದು ಅದಕ್ಕೆ ಹಗ್ಗ ಒಂದೇ. ಯಾರೋ ಬಂದಿದಾರೆ ಅಂತ ಗೊತ್ತಾಗೋದೇ ಹಗ್ಗದಲ್ಲಿ. ಅದು ಕೈ ಕುಲುಕ್ತಿದೆ ಅಷ್ಟೇ. ಶಕ್ತಿ ಜಾಸ್ತಿ ಆಗಿ ನಮಗೆ ಜಗ್ಗಿದ ಹಾಗೆ ಅನ್ಸುತ್ತೆ.”

ಪರೀಕ್ಷಕಿ ಕೆನ್ನೆಯಿಂದ ಕೈ ತೆಗೆದರು. “ಹಾಗಾದ್ರೆ ನಿಮ್ಮ ಆನೆ ಹಾರುತ್ತೆ ಅಂದ್ರೂ ಆಗುತ್ತಾ? ಕಲ್ಪನೆ ತಾನೇ?”

“ಛೆ, ಹಾರಲ್ಲ!” ಹಲೋ ಅತ್ತೆಗೆ ಸಿಟ್ಟೇ ಬಂತು. “ಹಾರೋ ಹಾಗಿದ್ರೆ ಹಗ್ಗ ಯಾಕೆ ಹಿಡಿಯುತ್ತೆ? ಹಗ್ಗ ಬರೆದಿದೆ ಮೇಡಂ. ಬರೆದಿರೋದನ್ನ ಬಿಟ್ಟು ಕಂಡ್ರೆ ಅದು ಕಾಣೋದಲ್ಲ, ನಿದ್ದೆ ಮಾಡೋದು.”

“ಮೇಡಂ,” ಎಂದರು ಸಂಕೇತ ಮೇಷ್ಟ್ರು, ತಡೆಯಲಾರದೆ. “ಕೈ ಕುಲುಕೋದು ಪಠ್ಯದಲ್ಲಿಲ್ಲ.”

“ಹಗ್ಗ ಇದೆಯಲ್ಲ ಮೇಷ್ಟ್ರೇ. ನಿಮ್ಮ ಅಧಿಕಾರಶಾಹಿ ಎಲ್ಲಿದೆ, ಸ್ವಲ್ಪ ತೋರಿಸಿ.”

ಮೇಷ್ಟ್ರು ಪುಸ್ತಕ ತೆರೆದರು. ಆರು ಸಾಲುಗಳನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿದರು. ಹಾಳೆಯನ್ನು ಬೆಳಕಿಗೆ ಹಿಡಿದರು, ಹಿಂದೆ ಏನಾದರೂ ಅಂಟಿದೆಯೇ ಎಂಬಂತೆ. ಬಹುಶಃ ಅವರು ಆ ಕವಿತೆಯನ್ನು ಓದಿದ್ದು ಅದೇ ಮೊದಲು. ಮಗಳಿಗೆ ಕೊಟ್ಟ ಮಾತು ನೆನಪಿದ್ದ ಹಲೋ ಅತ್ತೆ ಅಳಿಯನ ಕಡೆ ನೋಡಲೂ ಇಲ್ಲ, ಅಚ್ಚಿನ ಸುದ್ದಿ ಎತ್ತಲೂ ಇಲ್ಲ. ಕೊನೆಗೆ ಮೇಷ್ಟ್ರು ಸೋತ ದನಿಯಲ್ಲಿ, “ಅತ್ತೆ... ಅದನ್ನ ಹೊರಗೆ ತೆಗೆಯೋದು ಹೇಗೆ?” ಎಂದರು.

ಅಲ್ಲಿಗೆ ಪರೀಕ್ಷೆ ಹಳ್ಳ ಹಿಡಿಯಿತು. ಬಾವಿಗೆ ನೀರು ತುಂಬಿಸಿದರೆ ತೇಲಿ ಬರುತ್ತದೆ ಎಂದರು ಪರೀಕ್ಷಕಿ. ಪಕ್ಕದಲ್ಲಿ ಇಳಿಜಾರು ಅಗೆಯಬೇಕು ಎಂದರು ಮೇಷ್ಟ್ರು. ಹೊರಗೆ ಬಂದರೆ ಅದು ಇರುವುದೆಲ್ಲಿ ಎಂದಳು ಹಲೋ ಅತ್ತೆ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದುದು ಗ್ರಂಥಾಲಯಕ್ಕೆಲ್ಲ ಕೇಳಿಸಿತು. ಕಾದು ನಿಂತವರು ಬಾಗಿಲಿಗೆ ಕಿವಿಯಿಟ್ಟು, ಒಳಗೆ ಯಾರದೋ ಮನೆ ಕೆಡವುತ್ತಿದ್ದಾರೆ ಎಂದುಕೊಂಡರು.

ಹಲೋ ಅತ್ತೆ ಪಾಸಾದಳು, ಅದೂ ಕೂದಲೆಳೆಯಲ್ಲಿ. ‘ಸಂಕೇತ ಜ್ಞಾನ’ ಎಂಬ ಕಾಲಮ್ಮಿಗೆ ಪರೀಕ್ಷಕಿ ಸೊನ್ನೆಯನ್ನೇ ಹಾಕಬೇಕಾಯಿತು. ಉಳಿದ ಕಾಲಮ್ಮುಗಳಲ್ಲಿ ಕೈ ಧಾರಾಳ ಮಾಡಿದ್ದರು.

ಕಥೆ ಇಲ್ಲಿಗೆ ನಿಂತಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ಗೈಡೆಂಬ ಪ್ರಾಣಿಗೆ ಹೊಟ್ಟೆ ದೊಡ್ಡದು, ಏನು ಹಾಕಿದರೂ ಅರಗಿಸಿಕೊಳ್ಳುತ್ತದೆ. ಮೇಷ್ಟ್ರು ಪ್ರಾಮಾಣಿಕವಾಗಿಯೇ ಬದಲಾಗಿದ್ದರು, ಬದಲಾದದ್ದನ್ನು ಮರುಮುದ್ರಣದಲ್ಲಿ ಹಾಕಿಯೂ ಬಿಟ್ಟರು. ಮುಂದಿನ ವರ್ಷ ಕಾಲೇಜಿನ ಮೆಟ್ಟಿಲ ಮೇಲೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕಣ್ಣು ಮುಚ್ಚಿ, ಮುಂದಕ್ಕೂ ಹಿಂದಕ್ಕೂ ತೂಗುತ್ತಾ ಉರುಹೊಡೆಯುತ್ತಿದ್ದಳು: “ಆನೆಯು ಯಾವುದರ ಸಂಕೇತವೂ ಅಲ್ಲ. ಅದು ಆನೆಯೇ ಆಗಿದೆ. ಆದ್ದರಿಂದಲೇ ಕಷ್ಟವಿದೆ. ಆನೆಯು ಯಾವುದರ ಸಂಕೇತವೂ ಅಲ್ಲ. ಅದು...”

ಎರಡನೇ ವರ್ಷದ ವಿದ್ಯಾರ್ಥಿನಿ ಹಲೋ ಅತ್ತೆ ಅಲ್ಲೇ ನಿಂತಳು. ಮೈಯೆಲ್ಲ ಉರಿದುಹೋಯಿತು. ಗೈಡನ್ನು ಕಿತ್ತು ಎಸೆಯಬೇಕೆನಿಸಿತು. ಆದರೆ ಹುಡುಗಿಯ ಮುಖದಲ್ಲಿದ್ದ ದಿಗಿಲು ಕಂಡು ಪಕ್ಕದಲ್ಲಿ ಕುಳಿತಳು.

“ಮಗಾ, ಅದರ ಬಣ್ಣ ಯಾವ್ದು?”

ಹುಡುಗಿ ಒಂದೇ ಕಣ್ಣು ತೆರೆದಳು. “ಯಾವುದರದ್ದು ಅಜ್ಜಿ?”

“ಆನೇದು.”

“ಅದು ಪರೀಕ್ಷೆಗೆ ಬರುತ್ತಾ?”

“ಬರಲ್ಲ.”

“ಮತ್ಯಾಕೆ ಕೇಳ್ತೀರಿ?”

“ಸುಮ್ನೆ.”

“ಆನೆ ಅಂದ್ರೆ ಕಪ್ಪು ಅಲ್ವಾ?” ಎಂದು ಹುಡುಗಿ ಮತ್ತೆ ಗೈಡಿಗೆ ಬೆರಳಿಟ್ಟಳು. ಬೆರಳು ಸಾಲಿನ ಮೇಲೆ ಓಡಲಿಲ್ಲ. “ಇಲ್ಲ, ತಾಳಿ,” ಎಂದಳು. “ಬಾವಿ ಒಳಗೆ ಪಾಚಿ ಇರುತ್ತಲ್ಲ...”

ಕಣ್ಣು ಮುಚ್ಚಿದಳು. ಈ ಸಲ ತುಟಿ ಅಲುಗುತ್ತಿರಲಿಲ್ಲ.